ಗೊರಸು, ನಾಲ, ಲಾಳ: ಉಮದಿ ಸೀಮೆಯ ಕುದುರೆ ಸಾಕಣೆ ಮತ್ತು ಒಂದು ಕಸುಬಿನ ನುಡಿ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡು ಕಾರಣಗಳಿಗೆ: ಒಂದು ನೀರು, ಇನ್ನೊಂದು ಗಡಿ. 2022ರ ನವೆಂಬರಿನಲ್ಲಿ ಇಲ್ಲಿನ ನಲವತ್ತರಷ್ಟು ಹಳ್ಳಿಗಳ ಹಳೆಯ ಠರಾವು ಮತ್ತೆ ಸುದ್ದಿಯಾದಾಗ ಆ ಎರಡೂ ಕಾರಣಗಳು ಒಂದೇ ಆಗಿದ್ದವು. ಈ ತಾಲೂಕಿನ ಉಮದಿ ಅಧ್ಯಯನಕಾರರಿಗೆ ಪರಿಚಿತವಾಗಿರುವುದು ಮತ್ತೊಂದು ದಾರಿಯಿಂದ. ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರ (1843–1914) ಊರದು. ಗುರುದೇವ ರಾನಡೆಯವರು ತಮ್ಮ ಗುರುವನ್ನು ಕಂಡುಕೊಂಡದ್ದು ಅವರಲ್ಲಿ. ಎರಡು ಭಾಷೆಗಳ ನಡುವೆ ಸಲೀಸಾಗಿ ಓಡಾಡುವ ಇಂಥ ಊರಿನ ನುಡಿಯನ್ನು ಭಕ್ತಿಪದಗಳಲ್ಲಿ ಹುಡುಕಿದಷ್ಟು ಶ್ರದ್ಧೆಯಿಂದ ಕಸುಬುಗಳಲ್ಲಿ ಹುಡುಕಿದವರು ವಿರಳ. ಕುದುರೆಯ ಕಾಲು ಅಂಥದೊಂದು ಹುಡುಕಾಟಕ್ಕೆ ತಕ್ಕ ಜಾಗ. ಅಲ್ಲಿ ಒಂದು ಪ್ರಾಣಿಯ ನೋವು, ಒಂದು ಕಸುಬಿನ ಅಳಿವು ಮತ್ತು ಮೂರು ನುಡಿಗಳ ಪದಸಂಪತ್ತು ಒಟ್ಟಿಗೆ ಸಿಗುತ್ತವೆ.

ಈ ಸೀಮೆಗೆ ಕುದುರೆ ಹೊಸದಲ್ಲ. ಜತ್ತ ತಾಲೂಕಿನದೇ ಉಮರಾಣಿಯಲ್ಲಿ 1673ರಲ್ಲಿ ಪ್ರತಾಪರಾವ್ ಗುಜರನ ಮರಾಠಾ ಸೇನೆಯು ಬಿಜಾಪುರದ ಬಹಲೋಲ ಖಾನನ ದಂಡಿಗೆ ನೀರಿನ ದಾರಿ ಕಟ್ಟಿ ಅದನ್ನು ಬಗ್ಗಿಸಿತು. ಎರಡೂ ಕಡೆಯ ಬಲ ನಿಂತಿದ್ದುದು ಕುದುರೆಗಳ ಮೇಲೆ. ಬರಗಾಲದ ಈ ನೆಲದಲ್ಲಿ ಆಗಲೂ ನೀರೇ ತೀರ್ಪು ಕೊಟ್ಟಿತೆಂಬುದು ಬೇರೆ ಮಾತು. ಮರಾಠಾ ಸವಾರಪಡೆಗೆ ಹೆಸರು ತಂದ ಗಿಡ್ಡ ಮೈಕಟ್ಟಿನ, ಗಟ್ಟಿ ಗೊರಸಿನ ಕುದುರೆ ಭೀಮೆಯ ದಂಡೆಯದು. ಅದನ್ನು ಭೀಮಥಡಿ ಎಂದು ಕರೆಯುತ್ತಾರೆ. ಮರಾಠಿಯ ಥಡಿ, ಕನ್ನಡದ ತಡಿ ಎರಡೂ ದಂಡೆಯೇ. ಹೊಳೆಯ ಹೆಸರನ್ನು ಹೊತ್ತ ಈ ತಳಿಯನ್ನು ಹೊಳೆಯ ಎರಡೂ ಬದಿಯವರು ತಮ್ಮ ನುಡಿಯಲ್ಲೇ ಅರ್ಥ ಮಾಡಿಕೊಳ್ಳುತ್ತಾರೆ. ಕರ್ನಾಲದ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋ ಇತ್ತೀಚಿನ ವರ್ಷಗಳಲ್ಲಷ್ಟೇ ಭೀಮಥಡಿಯನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿಕೊಂಡಿದೆ. ಅದುವರೆಗೆ ಮಾರವಾಡಿ, ಕಾಠಿಯಾವಾಡಿ, ಸ್ಪಿತಿ, ಜನ್ಸ್ಕಾರಿ, ಮಣಿಪುರಿ, ಭೂಟಿಯಾ, ಕಚ್ಛಿ-ಸಿಂಧಿ ತಳಿಗಳ ಪಟ್ಟಿಯಲ್ಲಿ ದಖ್ಖನಿನ ಕುದುರೆಗೆ ಸ್ಥಾನವೇ ಇರಲಿಲ್ಲ. ಮಾನ್ಯತೆ ಬಂದ ಹೊತ್ತಿಗೆ ಸಂಖ್ಯೆ ಕುಸಿದಿತ್ತು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಉಳಿದಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ, 2012ರ ಗಣತಿಗೆ ಹೋಲಿಸಿದರೆ ಇಳಿಕೆ ಶೇ. 45.6.

ಹಾಗಾದರೆ ಇಂದು ಕುದುರೆಯನ್ನು ಯಾರು ಸಾಕುತ್ತಾರೆ? ಮದುವೆಯ ಮೆರವಣಿಗೆಗೆ, ಶಿವಜಯಂತಿಗೆ, ಜಾತ್ರೆಯ ಗಾಡಿ ಶರ್ಯತ್ತಿಗೆ, ಹಳೆಯ ವಾಡೆಗಳ ಮರ್ಯಾದೆಗೆ ಒಂದೊಂದು ಕುದುರೆ ಅಲ್ಲಲ್ಲಿ ಉಳಿದಿದೆ. ಆದರೆ ಕುದುರೆಯಿಲ್ಲದೆ ದಿನ ಸಾಗದವರೆಂದರೆ ಕುರಿಗಾರರು, ಎಂದರೆ ಕುರುಬರು, ಮರಾಠಿಯಲ್ಲಿ ಧನಗರರು. ಮಳೆ ಕಳೆದ ಮೇಲೆ ಹಿಂಡಿನೊಡನೆ ಹೊರಡುವ ಕುಟುಂಬದ ಪಾತ್ರೆ ಪಡಗ, ಹೊದಿಕೆ, ಜೋಳದ ಚೀಲ, ನಡೆಯಲಾರದ ಮರಿಗಳು, ಕೆಲವೊಮ್ಮೆ ಕೋಳಿ, ಮೇಲೊಂದು ಕೂಸು, ಎಲ್ಲವೂ ತಟ್ಟುವಿನ ಬೆನ್ನ ಮೇಲೆ. ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಈ ಸಮುದಾಯದ ದೇವತೆಗಳ ಹಾದಿಯನ್ನು ಹಿಂಬಾಲಿಸಿದ್ದು ಇಂಥ ಪಯಣಗಳ ಜಾಡಿನಲ್ಲೇ. ಉಮದಿಗೆ ದೂರವಲ್ಲದ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಯ ಅಮಾವಾಸ್ಯೆಗೆ ಮಾಳಿಂಗರಾಯನ ಜಾತ್ರೆ ಸೇರುತ್ತದೆ. ಡೊಳ್ಳಿನ ಪದ ಅಲ್ಲಿ ಕನ್ನಡದಲ್ಲಿ, ವ್ಯವಹಾರ ಎರಡರಲ್ಲೂ.

ಈ ತಟ್ಟುಗಳಿಗೆ ಸಾಮಾನ್ಯವಾಗಿ ಲಾಳವಿರುವುದಿಲ್ಲ. ಅದು ಬಡತನದ ಗುರುತೆಂದು ತಿಳಿಯುವುದು ತಪ್ಪು. ಕುದುರೆಯ ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವ ಕೊಂಬಿನ ವಸ್ತು. ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುವ ಅದರ ಗೋಡೆ ಮೇಲಂಚಿನಿಂದ ಮುಂಗಾಲಿನ ತುದಿಯನ್ನು ತಲುಪಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಬೆಳೆದಷ್ಟು ಸವೆದರೆ ಕಾಲು ಕ್ಷೇಮ. ಜತ್ತ ಸೀಮೆಯ ಕರಿಕಲ್ಲಿನ ನೆಲ, ಮುರುಮಿನ ದಿನ್ನೆಗಳು ದಿನವಿಡೀ ನಡೆಯುವ ತಟ್ಟುವಿನ ಗೊರಸನ್ನು ಅರ ಹಿಡಿದವರಂತೆ ತಿದ್ದುತ್ತವೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಕುದುರೆಯ ಲಾಯದ ಅಂಗಳಕ್ಕೆ ದುಂಡುಕಲ್ಲು ಹಾಸಬೇಕೆಂದು ಹೇಳಿದ್ದು ಈ ಲೆಕ್ಕಾಚಾರದಿಂದಲೇ. ಅವನ ಕಾಲದ ಕುದುರೆಗಳಿಗೆ ಮೊಳೆ ಹೊಡೆದ ಲಾಳ ಇರಲಿಲ್ಲ.

ತೊಂದರೆ ಆರಂಭವಾಗುವುದು ಈ ಲೆಕ್ಕ ತಪ್ಪಿದಾಗ, ಮತ್ತು ಅದು ಎರಡು ವಿರುದ್ಧ ದಿಕ್ಕುಗಳಲ್ಲಿ ತಪ್ಪುತ್ತದೆ. ಡಾಂಬರು ರಸ್ತೆಯ ಮೇಲೆ ಮೈಲಿಗಟ್ಟಲೆ ಓಡುವ ಕುದುರೆಯ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆದು ಅಂಗಾಲು ನೆಲಕ್ಕೆ ತಾಕುತ್ತದೆ. ಮದುವೆಯ ಹಂಗಾಮು ಮುಗಿದ ಮೇಲೆ ತಬೇಲಿಯಲ್ಲಿ ಕಟ್ಟಿಹಾಕಿದ ಕುದುರೆಯ ಗೊರಸು ಸವೆಯದೆ ಉದ್ದಕ್ಕೆ ಬೆಳೆದು, ಚಪ್ಪಲಿಯ ತುದಿಯಂತೆ ಮುಂದಕ್ಕೆ ಚಾಚಿ, ಬಿರಿಯುತ್ತದೆ. ಉದ್ದವಾದ ತುದಿ ಪ್ರತಿ ಹೆಜ್ಜೆಯಲ್ಲೂ ಸನ್ನೆಗೋಲಿನಂತೆ ವರ್ತಿಸಿ ಹಿಂಬದಿಯ ಸ್ನಾಯುರಜ್ಜುಗಳನ್ನು ಜಗ್ಗುತ್ತದೆ. ಕುದುರೆಯ ಭಾರದಲ್ಲಿ ಶೇ. 60ರಷ್ಟನ್ನು ಮುಂಗಾಲುಗಳೇ ಹೊರುವುದರಿಂದ ಕುಂಟು ಮೊದಲು ಕಾಣಿಸುವುದೂ ಹೆಚ್ಚಾಗಿ ಅಲ್ಲೇ. ಗೊರಸಿನ ಅಡಿಯಲ್ಲಿ ಹಿಂದಿನಿಂದ ಮುಂದಕ್ಕೆ ಚೂಪಾಗುವ ತ್ರಿಕೋನಾಕಾರದ ಮೆತ್ತನೆಯ ಭಾಗವೊಂದಿದೆ. ಹೆಜ್ಜೆಯ ಪೆಟ್ಟನ್ನು ತಾಳಿಕೊಳ್ಳುವ ಅದರ ಇಕ್ಕೆಲಗಳ ಸಂದಿಯಲ್ಲಿ ಸಗಣಿ, ಉಚ್ಚೆ ನಿಂತರೆ ಕೊಳೆತು ನಾರುತ್ತದೆ. ದಿನಕ್ಕೊಮ್ಮೆ ಕಾಲೆತ್ತಿ ಕೆರೆದು ಸ್ವಚ್ಛಮಾಡುವುದು ಇದಕ್ಕೆ ಸಾಕು. ಆ ಐದು ನಿಮಿಷವೇ ತಪ್ಪಿಹೋಗುವುದು.

ಮೇವಿನ ಸಂಗತಿಯೂ ಕಾಲಿಗೇ ಬಂದು ನಿಲ್ಲುತ್ತದೆ. ಮಂಗಳವೇಢೆ, ಜತ್ತ, ಇಂಡಿ ಸೀಮೆ ಬಿಳಿಜೋಳದ ನಾಡು. ಪ್ರೀತಿಯಿಂದಲೋ, ಮೆರವಣಿಗೆಗೆ ಮುನ್ನ ಮೈ ತುಂಬಲೆಂದೋ ಕುದುರೆಗೆ ಕಾಳನ್ನು ಒಮ್ಮೆಲೇ ಹೆಚ್ಚು ತಿನ್ನಿಸಿದರೆ, ಅಥವಾ ಅದು ಹಗ್ಗ ಬಿಚ್ಚಿಕೊಂಡು ರಾಶಿಗೆ ಬಾಯಿ ಹಾಕಿದರೆ, ಹೊಟ್ಟೆಯಲ್ಲಿ ಹುಟ್ಟಿದ ವಿಷ ಗೊರಸಿನೊಳಗಿನ ಸೂಕ್ಷ್ಮ ಪದರಗಳ ಉರಿಯೂತವಾಗಿ ಕಾಣಿಸಿಕೊಳ್ಳುತ್ತದೆ. ಗೊರಸು ಬಿಸಿಯಾಗುತ್ತದೆ, ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂಗಾಲಿಗೆ ಹಾಕಿ, ಕದಲದೆ ನಿಲ್ಲುತ್ತದೆ. ಪ್ರಾಚೀನ ಗ್ರೀಕರು ಈ ಬೇನೆಯನ್ನು ಬಾರ್ಲಿಯ ಹೆಸರಿನಿಂದ ಕರೆದರು. ಕಾರಣ ತಿಂದ ಕಾಳು, ಬೇನೆ ಕಾಲಿನಲ್ಲಿ ಎಂಬ ಸಂಬಂಧವನ್ನು ಅವರು ಸರಿಯಾಗಿಯೇ ಹಿಡಿದಿದ್ದರು. ಗೊರಸಿನೊಳಗಿನ ಎಲುಬು ಒಮ್ಮೆ ಜಾರಿತೆಂದರೆ ಆ ಕುದುರೆ ಮತ್ತೆ ಮೊದಲಿನಂತಾಗುವುದು ಕಷ್ಟ. ಆಗ ಬೇಕಾಗುವುದು ಪಶುವೈದ್ಯ ಮತ್ತು ಗೊರಸು ತಿದ್ದುವವ, ಇಬ್ಬರೂ ಒಟ್ಟಿಗೆ.

ಆ ಎರಡನೆಯವನ ಹೆಸರು ಈ ಸೀಮೆಯಲ್ಲಿ ನಾಲಬಂದ. ವಿಜಯಪುರ, ಸಾಂಗಲಿ, ಸೋಲಾಪುರ ಭಾಗದಲ್ಲಿ ಅದು ಅಡ್ಡಹೆಸರಾಗಿಯೂ ಉಳಿದಿದೆ. ಕಸುಬು ಬಿಟ್ಟ ಮನೆತನಗಳೂ ಹೆಸರನ್ನು ಬಿಟ್ಟಿಲ್ಲ. ಅರಬಿಯಲ್ಲಿ ನಾಲ ಎಂದರೆ ಪಾದರಕ್ಷೆ. ಪಾರಸಿಯ ‘ಬಂದ’ ಕಟ್ಟುವವನನ್ನು ಸೂಚಿಸುವ ರೂಪ. ಕನ್ನಡದಲ್ಲಿ ಲಾಳವನ್ನು ಹೊಡೆಯುತ್ತಾರೆ, ಬಡಿಯುತ್ತಾರೆ, ಜತೆಗೆ ಕಟ್ಟುತ್ತಾರೆ. ಮೊಳೆ ಬಡಿದು ಕೂಡಿಸುವ ವಸ್ತುವಿಗೆ ‘ಕಟ್ಟು’ ಎಂಬ ಕ್ರಿಯಾಪದ ಸಹಜವಾಗಿ ಒಗ್ಗುವುದಲ್ಲ. ಪಾರಸಿಯ ‘ಬಂದ’ವೇ ಕನ್ನಡದ ಬಾಯಲ್ಲಿ ‘ಕಟ್ಟು’ ಆಗಿ ನೆಲೆಸಿರಬಹುದೆಂದು ಊಹಿಸುವುದಕ್ಕೆ ಅವಕಾಶವಿದೆ. ಕನ್ನಡದ್ದೇ ಆದ ಹಳೆಯ ಪದ ಹಲ್ಲೆ. ‘ಎತ್ತಿಗೆ ಹಲ್ಲೆ ಕಟ್ಟು’ ಎಂಬ ಮಾತು ಇಂದಿಗೂ ಪೂರಾ ಅಳಿದಿಲ್ಲ. ಪತ್ರಿಕೆ ಓದುವವರಿಗೆ ಮಾತ್ರ ಹಲ್ಲೆ ಎಂದರೆ ಹೊಡೆದಾಟ. ಇದೇ ರೀತಿ ಹಲ್ಲಣದ ಜಾಗಕ್ಕೆ ಜೀನು ಬಂದಿತು. ಕಡಿವಾಣ ಲಗಾಮಿಗೆ ತನ್ನ ಕೆಲಸವನ್ನು ಬಿಟ್ಟುಕೊಟ್ಟು, ಬೆಲೆಯೇರಿಕೆಗೂ ಭ್ರಷ್ಟಾಚಾರಕ್ಕೂ ‘ಹಾಕುವ’ ರೂಪಕವಾಗಿ ಬದುಕಿಕೊಂಡಿದೆ. ಕುದುರೆಗೆ ತೊಡಿಸುವ ಸಾಮಾನೆಲ್ಲ ಸವಾರಪಡೆಯ ನುಡಿಗೆ ಸೇರಿತು. ಗೊರಸು, ಬಾಲ, ಕೆನೆತದಂಥ ಕುದುರೆಯ ಸ್ವಂತದ್ದೆಲ್ಲ ಕನ್ನಡದಲ್ಲೇ ಉಳಿಯಿತು. ಮರಾಠಿಯ ಖರಾರಾ, ಪಾಗಾ, ಚಂದಿ ಮೊದಲಾದ ಪದಗಳು ಇವೆರಡರ ನಡುವೆ ಬಂದು ಕೂತವು. ಉಮದಿಯಂಥ ಊರಿನ ಕುದುರೆ ಸಾಕುವವನೊಬ್ಬ ಒಂದೇ ಉಸಿರಿನಲ್ಲಿ ಈ ಮೂರು ಪದರಗಳನ್ನೂ ಬಳಸುತ್ತಾನೆ. ಇದನ್ನು ಭಾಷಾಮಿಶ್ರಣವೆಂದು ವರ್ಗೀಕರಿಸಿ ಕೈತೊಳೆದುಕೊಳ್ಳುವುದು ಸುಲಭ. ಪ್ರತಿಯೊಂದು ಪದವೂ ಅದನ್ನು ತಂದ ಕೈಯ ಗುರುತನ್ನು ಉಳಿಸಿಕೊಂಡಿದೆ ಎಂಬುದು ಹೆಚ್ಚು ಮುಖ್ಯ.

ನಾಲಬಂದನ ಕೆಲಸ ಸುತ್ತಿಗೆಗಿಂತ ಮೊದಲು ಕಣ್ಣಿನಿಂದ ಶುರುವಾಗುತ್ತದೆ. ಕುದುರೆಯನ್ನು ಸಮನೆಲದಲ್ಲಿ ನಡೆಸಿ ಯಾವ ಕಾಲು ಮೊದಲು ಊರುತ್ತದೆ, ಹಳೆಯ ಲಾಳ ಯಾವ ಬದಿಗೆ ಹೆಚ್ಚು ಸವೆದಿದೆ ಎಂದು ನೋಡಬೇಕು. ಆಮೇಲೆ ಹಳೆಯ ಮೊಳೆಗಳ ಮಡಿಕೆ ಬಿಡಿಸಿ, ಲಾಳ ಕಿತ್ತು, ಬೆಳೆದ ಗೋಡೆಯನ್ನು ಇಕ್ಕುಳದಿಂದ ಕತ್ತರಿಸಿ, ಅರದಿಂದ ಮಟ್ಟಮಾಡಬೇಕು. ಲಾಳವನ್ನು ಗೊರಸಿಗೆ ತಕ್ಕಂತೆ ಬಗ್ಗಿಸಬೇಕೇ ಹೊರತು ಗೊರಸನ್ನು ಲಾಳಕ್ಕೆ ತಕ್ಕಂತೆ ಕೆತ್ತಬಾರದು. ಅವಸರದ ಕೆಲಸದಲ್ಲಿ ನಡೆಯುವುದು ಎರಡನೆಯದೇ. ಕೊನೆಯದು ಮೊಳೆ. ಗೊರಸಿನ ಅಡಿಯಲ್ಲಿ, ಸತ್ತ ಕೊಂಬಿನ ಗೋಡೆ ಮತ್ತು ಒಳಗಿನ ಅಂಗಾಲು ಸೇರುವ ಕಡೆ, ಒಂದು ಬಿಳಿಚಿದ ಗೆರೆ ಕಾಣುತ್ತದೆ. ಮೊಳೆ ಆ ಗೆರೆಯ ಹೊರಗೆ ಇಳಿದು, ಗೋಡೆಯನ್ನು ಓರೆಯಾಗಿ ಸೀಳಿ, ಬದಿಯಲ್ಲಿ ಹೊರಬರಬೇಕು. ಗೆರೆ ದಾಟಿ ಒಳಗೆ ಹೋದರೆ ಜೀವಂತ ಮಾಂಸ; ಕುದುರೆ ತಕ್ಷಣ ಕಾಲು ಕಿತ್ತುಕೊಳ್ಳಬಹುದು, ಇಲ್ಲವೇ ನಾಲ್ಕಾರು ದಿನ ಕಳೆದು ಕೀವು ಕಟ್ಟಿ ಕುಂಟಬಹುದು. ತಪ್ಪಿನ ಅಂತರ ಮಿಲಿಮೀಟರ್‌ಗಳಲ್ಲಿ. ಇಷ್ಟೆಲ್ಲ ಆದಮೇಲೂ ಗೊರಸು ಬೆಳೆಯುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ, ಲಾಳ ಸವೆಯದಿದ್ದರೂ ಆರರಿಂದ ಎಂಟು ವಾರಕ್ಕೊಮ್ಮೆ ಅದನ್ನು ಬಿಚ್ಚಿ ಮತ್ತೆ ಕಟ್ಟಲೇಬೇಕು.

ಇಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ಸಾಂಗಲಿ, ಕೊಲ್ಹಾಪುರ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳ ಹಂಗಾಮಿನಲ್ಲಿ ಕಬ್ಬಿನ ಗಾಡಿಯ ಎತ್ತುಗಳಿಗೆ ಲಾಳ ಕಟ್ಟುವವರು ಇದ್ದಾರಲ್ಲ, ದನದ ಜಾತ್ರೆಗಳಲ್ಲೂ ಸಿಗುತ್ತಾರಲ್ಲ, ಹೀಗಿರುವಾಗ ಕುದುರೆಗೆ ಕೊರತೆ ಏಕೆ? ಒಂದೇ ಹೆಸರು ಎರಡು ಕಸುಬುಗಳನ್ನು ಮುಚ್ಚಿಟ್ಟಿರುವುದು ಇಲ್ಲಿಯೇ. ಎತ್ತಿನ ಗೊರಸು ಸೀಳಿದ್ದು. ಅದರ ಒಂದೊಂದು ಹೋಳಿಗೆ ಬೇರೆ ಬೇರೆ ತೆಳ್ಳನೆಯ ತಗಡು, ನಾಲ್ಕು ಕಾಲಿಗೂ ಪೂರ್ತಿ ಕಟ್ಟಿದರೆ ಎಂಟು. ಎತ್ತನ್ನು ಹಗ್ಗದಿಂದ ಕೆಡವಿ, ಕಾಲುಗಳನ್ನು ಜೋಡಿಸಿ ಬಿಗಿದು, ಕೆಲಸ ಮುಗಿಸಿ ಎಬ್ಬಿಸುತ್ತಾರೆ. ಕುದುರೆಯದು ಒಂಟಿ ಗೊರಸು, ಒಂದೇ ಬಾಗಿದ ಲಾಳ. ಅದು ನಿಂತೇ ಇರುತ್ತದೆ, ಕಾಲನ್ನು ನಾಲಬಂದ ತನ್ನ ಮೊಣಕಾಲ ನಡುವೆ ಹಿಡಿದುಕೊಳ್ಳುತ್ತಾನೆ. ಎತ್ತಿನ ಕೆಲಸದಲ್ಲಿ ಪಳಗಿದ ಕೈ ಕುದುರೆಯ ಗೊರಸಿನ ಓರೆ, ಎಡಬಲದ ಸಮತೋಲ, ಹಿಮ್ಮಡಿಯ ಎತ್ತರಗಳನ್ನು ಅಳೆಯಲು ಕಲಿತಿರುವುದಿಲ್ಲ. ಒದೆಯುವ ಪ್ರಾಣಿಯ ಬಳಿ ಮೈಮರೆಯದೆ, ಹೆದರದೆ ನಿಲ್ಲುವ ಅಭ್ಯಾಸವೂ ಬೇರೆಯೇ. ಕುದುರೆಯವನು ‘ನಾಲಬಂದನನ್ನು ಕರೆಸಿದೆ’ ಎಂದಾಗ ಬಂದವನು ಯಾವ ನಾಲಬಂದ ಎಂಬುದು ಕುದುರೆ ಕುಂಟಿದ ಮೇಲೆ ತಿಳಿಯುತ್ತದೆ. ಹಲ್ಲೆ ಮತ್ತು ಲಾಳ ಎಂಬೆರಡು ಪದಗಳನ್ನು ಎತ್ತಿಗೂ ಕುದುರೆಗೂ ಬೇರೆ ಬೇರೆಯಾಗಿ ಉಳಿಸಿಕೊಂಡಿದ್ದರೆ ಈ ಗೊಂದಲ ಸ್ವಲ್ಪ ಕಡಿಮೆಯಾಗುತ್ತಿತ್ತೋ ಏನೋ.

ಕುದುರೆಯ ನಾಲಬಂದ ಕಣ್ಮರೆಯಾದದ್ದಕ್ಕೆ ಮನೆತನದ ಹುಡುಗರ ನಿರಾಸಕ್ತಿಯನ್ನು ದೂರುವುದು ರೂಢಿ. ಸರಳ ಗುಣಾಕಾರ ಬೇರೆಯದನ್ನೇ ಹೇಳುತ್ತದೆ. ಒಬ್ಬ ನುರಿತವನು ದಿನಕ್ಕೆ ಮೂರು ಕುದುರೆಗಳಿಗೆ ಲಾಳ ಕಟ್ಟಿ, ತಿಂಗಳಿಗೆ 25 ದಿನ ದುಡಿಯುತ್ತಾನೆನ್ನಿ. ಆರು ವಾರಕ್ಕೊಮ್ಮೆ ಅದೇ ಕುದುರೆ ಮರಳಿ ಬರುವುದಾದರೆ ಅವನ ಸುತ್ತಿನಲ್ಲಿ ನೂರಕ್ಕಿಂತ ಹೆಚ್ಚು ಲಾಳದ ಕುದುರೆಗಳು ಇರಲೇಬೇಕು. ಟಾಂಗಾಗಳಿದ್ದ ಕಾಲದಲ್ಲಿ ಒಂದು ನಿಲ್ದಾಣದ ಆಸುಪಾಸಿನಲ್ಲೇ ಅಷ್ಟು ಸಿಗುತ್ತಿದ್ದವು. ಈಗ ಮದುವೆಯ ಕುದುರೆ ಒಂದೂರಿಗೆ ಒಂದು, ಅದೂ ಇದ್ದರೆ. ಕುರಿಗಾರರ ತಟ್ಟುವಿಗೆ ಲಾಳವೇ ಬೇಡ. ಕಲಿಯುವ ಮನಸ್ಸಿದ್ದರೂ ಕೈ ಪಳಗಲು ಬೇಕಾದಷ್ಟು ಕಾಲುಗಳಿಲ್ಲ. ನುರಿತವರು ಪುಣೆ, ಮುಂಬಯಿ, ಬೆಂಗಳೂರಿನ ರೇಸುಗಳತ್ತ ಸರಿದರೆ ಅಚ್ಚರಿಯಿಲ್ಲ. ಉಮದಿ ಭಾಗಕ್ಕೆ ಸಮೀಪದಲ್ಲಿ ಟಾಂಗಾಗಳು ಇನ್ನೂ ಓಡುತ್ತಿರುವುದು ವಿಜಯಪುರದಲ್ಲಿ, ಗೋಲಗುಂಬಜದ ಸುತ್ತಮುತ್ತ. ಕುದುರೆಯ ಲಾಳ ಬಲ್ಲ ಕೈಗಳನ್ನು ಹುಡುಕಬೇಕಾದದ್ದೂ ಅಂಥ ನಿಲ್ದಾಣಗಳ ನೆರಳಿನಲ್ಲೇ.

ಹತ್ತಿರದಲ್ಲಿ ನಾಲಬಂದನಿಲ್ಲದಾಗ ಕುದುರೆಯವನು ಜಾತ್ರೆಗೆ ಕಾಯುತ್ತಾನೆ. ಮಾರ್ಗಶಿರದಲ್ಲಿ ಜತ್ತದ ಯಲ್ಲಮ್ಮನ ಜಾತ್ರೆ, ಸಂಕ್ರಾಂತಿಗೆ ಸೋಲಾಪುರದ ಸಿದ್ಧರಾಮನ ಜಾತ್ರೆ, ಅಕಲೂಜಿನ ಕುದುರೆ ಬಜಾರು ಹೀಗೆ ಜಾತ್ರೆಗಳಿಗೊಂದು ಪಂಚಾಂಗವಿದೆ. ಗೊರಸಿಗೆ ಇನ್ನೊಂದು ಪಂಚಾಂಗ, ಅದು ಆರು ವಾರದ್ದು. ಎರಡೂ ಹೊಂದುವುದಿಲ್ಲ. ಪರಿಣಾಮವಾಗಿ ಮೂರು ನಾಲ್ಕು ತಿಂಗಳ ಹಳೆಯ ಲಾಳ ಬೆಳೆದ ಗೊರಸಿನ ಮೇಲೆ ಮುಂದಕ್ಕೆ ಸರಿದು ನಿಂತಿರುತ್ತದೆ. ಹಿಮ್ಮಡಿಗೆ ಆಸರೆಯೇ ಇರುವುದಿಲ್ಲ.

ಎರಡು ಪಂಚಾಂಗಗಳೂ ಕೂಡಿಬರುವ ಒಂದು ಉದಾಹರಣೆ ಗಡಿಯ ಈಚೆಗಿದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಮನೆತನದ ಎರಡು ಕುದುರೆಗಳು ಪ್ರತಿವರ್ಷ ಆಷಾಢ ವಾರಿಗೆ ಮುನ್ನ ನಡೆದೇ ಆಳಂದಿಗೆ ಹೋಗುತ್ತವೆ. ಅಲ್ಲಿಂದ ಜ್ಞಾನೇಶ್ವರರ ಪಾಲಖಿಯ ಜತೆ ಪಂಢರಪುರಕ್ಕೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಏಕೆಂದರೆ ಅದು ಮಾವುಲಿಯ ಕುದುರೆ. ರಿಂಗಣದಲ್ಲಿ ಅದು ಸುತ್ತು ಹೊಡೆಯುವಾಗ ಅದರ ಗೊರಸಿನಡಿಯ ಮಣ್ಣನ್ನು ವಾರಕರಿಗಳು ಹಣೆಗೆ ಹಚ್ಚಿಕೊಳ್ಳುತ್ತಾರೆ. ಎರಡೂ ಹಾದಿ ಸೇರಿ ಐನೂರು ಕಿಲೋಮೀಟರ್‌ಗೂ ಹೆಚ್ಚಿನ ನಡಿಗೆ, ಬಹುಪಾಲು ಡಾಂಬರಿನ ಮೇಲೆ, ತಿಂಗಳಿಗೂ ಮೀರಿದ ಅವಧಿ. ಅದು ಒಂದು ಲಾಳದ ಆಯುಷ್ಯಕ್ಕೆ ಸಮೀಪದ ಕಾಲ. ಹೊರಡುವ ಮುನ್ನ ಕಟ್ಟಿದ ಲಾಳ ಚೆನ್ನಾಗಿದ್ದರೆ ಮಾತ್ರ ಈ ಸೇವೆ ಪೂರ್ತಿಯಾಗುತ್ತದೆ. ವಾರಿಯ ಬಗೆಗೆ ಎರಡೂ ಭಾಷೆಗಳಲ್ಲಿ ಬೆಳೆದಿರುವ ವಿಪುಲ ಸಾಹಿತ್ಯದಲ್ಲಿ ಆ ಲಾಳ ಕಟ್ಟಿದವನ ಪ್ರಸ್ತಾಪವನ್ನು ಹುಡುಕಬೇಕಾಗುತ್ತದೆ.

ಬರಹದ ಪರಂಪರೆಯೂ ಇಲ್ಲದಿಲ್ಲ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಕುದುರೆಯ ಲಕ್ಷಣ, ಪಳಗಿಸುವಿಕೆ, ಕುದುರೆಯ ಮೇಲಿನ ಚೆಂಡಾಟಗಳಿಗೆ ಜಾಗ ಕೊಟ್ಟಿದೆ. ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’, ಅಭಿನವಚಂದ್ರನ ‘ಅಶ್ವವೈದ್ಯ’ ಇವೆ. ಪಶುವೈದ್ಯವನ್ನು ದೇಶಭಾಷೆಯಲ್ಲಿ ಬರೆಯಬಹುದೆಂಬ ಆತ್ಮವಿಶ್ವಾಸ ಅಷ್ಟು ಹಿಂದಿನದು. ಶಾಲಿಹೋತ್ರನೆಂಬ ಋಷಿಯ ಹೆಸರು ಹಿಂದುಸ್ತಾನಿಯಲ್ಲಿ ‘ಸಾಲೋತ್ರಿ’ಯಾಗಿ ಕುದುರೆ ವೈದ್ಯನನ್ನೇ ಸೂಚಿಸತೊಡಗಿತು. ಆದರೆ ಗ್ರಂಥ ಬರೆದವರೂ ಗೊರಸು ಹಿಡಿದವರೂ ಒಬ್ಬರೇ ಆಗಿರಲಿಲ್ಲ. ಕೈಯ ಅರಿವು ತಂದೆಯಿಂದ ಮಗನಿಗೆ, ಹೆಚ್ಚಾಗಿ ದಖ್ಖನಿ ಉರ್ದುವಿನಲ್ಲಿ ದಾಟಿತು. ಗಿರಾಕಿಯ ಕೂಡ ಕನ್ನಡ, ಸಂತೆಯಲ್ಲಿ ಮರಾಠಿ. ಈ ಮೂರರಲ್ಲಿ ಯಾವುದರ ನಿಘಂಟಿಗೂ ಅದು ಪೂರ್ತಿಯಾಗಿ ಸೇರಲಿಲ್ಲ.

ಆಡಳಿತದ ಗೆರೆ ಇದನ್ನು ಇನ್ನಷ್ಟು ತೊಡಕಾಗಿಸಿತು. ಜತ್ತ ಸಂಸ್ಥಾನ 1948ರಲ್ಲಿ ವಿಲೀನವಾಗಿ, ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಯೇ 1960ರಲ್ಲಿ ಸಾಂಗಲಿಯಾಯಿತು. 1956ರವರೆಗೆ ವಿಜಯಪುರವೂ ಜತ್ತವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಅನಂತರ ಉಮದಿಯವನಿಗೆ ಹತ್ತಿರದ ಟಾಂಗಾ ನಿಲ್ದಾಣ ಪರರಾಜ್ಯವಾಯಿತು, ಪಶುಚಿಕಿತ್ಸಾಲಯದ ಕಾಗದ ಮರಾಠಿಯದಾಯಿತು. ಅಲ್ಲಿನ ವೈದ್ಯರ ದಿನದ ಕೆಲಸ ಎಮ್ಮೆ, ಆಕಳು, ಕುರಿಗಳದು. ಕುದುರೆ ಅಪರೂಪದ ಗಿರಾಕಿ. ಗೊರಸಿನ ಕುಂಟಿಗೆ ನೋವಿನ ಸೂಜಿ ಸಿಗಬಹುದು. ಗೊರಸನ್ನು ತಿದ್ದುವುದು ಪದವಿಯ ಪಾಠಕ್ಕಿಂತ ಕೈಯ ಅಭ್ಯಾಸಕ್ಕೆ ಸೇರಿದ್ದು. ಆ ಅಭ್ಯಾಸಕ್ಕೆ ವ್ಯವಸ್ಥಿತ ತರಬೇತಿ ಕೊಡುವ ಸೇನೆಯ ಪಶುವೈದ್ಯ ದಳದ ಕೇಂದ್ರ ಮೀರತ್‌ನಲ್ಲಿದೆ, ಅಶ್ವಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರ ಹಿಸಾರ್‌ನಲ್ಲಿ. ದುಡಿಯುವ ಕುದುರೆ-ಕತ್ತೆಗಳಿಗಾಗಿ 1934ರಲ್ಲಿ ಕೈರೋದಲ್ಲಿ ಹುಟ್ಟಿದ ಬ್ರೂಕ್ ಸಂಸ್ಥೆಯ ಭಾರತೀಯ ಶಾಖೆ ಊರಿನ ನಾಲಬಂದರಿಗೇ ತರಬೇತಿ ಕೊಡುವ ದಾರಿ ಹಿಡಿದಿದೆ. ಈ ಸೀಮೆಗೆ ಹೊಂದುವುದು ಅದೇ ಎನ್ನಿಸುತ್ತದೆ, ಒಂದು ತಿದ್ದುಪಡಿಯೊಡನೆ: ಲಾಳ ಕಟ್ಟುವುದನ್ನು ನುರಿತವನಿಗೆ ಬಿಟ್ಟು, ಅರ ಹಿಡಿದು ಗೊರಸಿನ ಅಂಚು ತಿದ್ದುವುದನ್ನು, ಬಿಸಿ ಮುಟ್ಟಿ ನೋಡುವುದನ್ನು, ಸಂದಿ ಕೆರೆಯುವುದನ್ನು ಕುದುರೆ ಸಾಕುವವರಿಗೇ ಕಲಿಸಬೇಕು. ಲಾಳವಿಲ್ಲದೆ ನಡೆಸಬಹುದಾದ ಕುದುರೆಗೆ ಮರ್ಯಾದೆಗಾಗಿ ಲಾಳ ಕಟ್ಟಿಸುವುದನ್ನು ಬಿಡಿಸಬೇಕು. ಕುರಿಗಾರರ ತಟ್ಟುಗಳನ್ನು ಕಂಡರೆ ಇದು ಆಗದ ಮಾತೇನಲ್ಲ.

ಕಲಿಸುವುದಾದರೆ ಯಾವ ಮಾತಿನಲ್ಲಿ ಎಂಬಲ್ಲಿ ಭಾಷಾ ಅಧ್ಯಯನದ ಪಾಲು ಬರುತ್ತದೆ. ಗೊರಸಿನಡಿಯ ಬಿಳಿಗೆರೆಗೆ, ತ್ರಿಕೋನದ ಆ ಮೆತ್ತನೆಯ ಭಾಗಕ್ಕೆ ಪಠ್ಯಪುಸ್ತಕದ ಸಂಸ್ಕೃತ ಪದ ಕಟ್ಟಿ ಕರಪತ್ರ ಅಚ್ಚು ಹಾಕಿದರೆ ಅದನ್ನು ನಾಲಬಂದನೂ ಓದಲಾರ, ಕುರಿಗಾರನೂ ಓದಲಾರ. ಮೊದಲು ಆಗಬೇಕಾದದ್ದು ವಿಜಯಪುರದ ಟಾಂಗಾ ನಿಲ್ದಾಣದಲ್ಲಿ, ಹುಲಜಂತಿಯ ಜಾತ್ರೆಯಲ್ಲಿ, ಯಲ್ಲಮ್ಮನ ದನದ ಪೇಟೆಯಲ್ಲಿ ಕೆಲಸ ನಡೆಯುತ್ತಿರುವಾಗಲೇ ಅವರ ಮಾತನ್ನು ದಾಖಲಿಸುವ ಕೆಲಸ. ಮಾತಷ್ಟೇ ಸಾಲದು, ಧ್ವನಿಮುದ್ರಣವೇ ಬೇಕು. ಮೊಳೆ ಗಟ್ಟಿ ಗೋಡೆಯಲ್ಲಿ ಇಳಿಯುವಾಗ ಸುತ್ತಿಗೆಯ ಸದ್ದು ಒಂದು ಬಗೆ, ಮೆತ್ತನೆಯ ಕಡೆಗೆ ಸರಿದಾಗ ಇನ್ನೊಂದು ಬಗೆ. ಬಲ್ಲ ನಾಲಬಂದ ಆ ವ್ಯತ್ಯಾಸ ಕೇಳಿದ ಕೂಡಲೇ ಕೈ ತಡೆದು, ಮೊಳೆ ಕಿತ್ತು, ಬೇರೆ ತೂತಿಗೆ ಹಾಕುತ್ತಾನೆ.